ಸಾಗರದ ರೌಟರ್‌ನಲ್ಲಿ ಇನ್ನೂ 2002: ನಾಲ್ಕು ರೌಟರ್‌ಗಳಿಗೆ ಒಂದೇ ಟೈಮ್ ಕೊಟ್ಟ ಕೆಲಸದ ದಾಖಲೆ

ಸೋಮವಾರ ಬೆಳಿಗ್ಗೆ 9 ಗಂಟೆಗೆ ಸಾಗರ ಬ್ರಾಂಚಿನಿಂದ ಫೋನ್ ಬಂತು.

"ಸರ್, ಸಿಸ್ಟಮ್ ಓಪನ್ ಆಗ್ತಾ ಇಲ್ಲ. ಪಿಗ್ಮಿ ಏಜೆಂಟರು ಬಂದು ಕೂತಿದ್ದಾರೆ, ಶನಿವಾರದ ಕಲೆಕ್ಷನ್ ಕಟ್ಟಬೇಕು. ರೌಟರ್ ಆಫ್ ಮಾಡಿ ಆನ್ ಮಾಡಲಾ?"

"ಬೇಡ ಮೇಡಂ. ಅರ್ಧ ಗಂಟೆ ಅದನ್ನ ಮುಟ್ಟಬೇಡಿ."

ಹಾಗೆ ಹೇಳೋಕೆ ಕಾರಣ ಇತ್ತು. ಆ ರೌಟರ್ ತನ್ನ ಲಾಗನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತೆ. ಒಂದು ಸಲ ಆಫ್ ಮಾಡಿದರೆ ರಾತ್ರಿ ಏನಾಯ್ತು ಅನ್ನೋದು ಅದರ ಜೊತೆಗೇ ಹೋಗುತ್ತೆ.

ನಾನು ನೋಡಿಕೊಳ್ಳೋದು ಒಂದು ಸಣ್ಣ ಪತ್ತಿನ ಸಹಕಾರಿ ಸಂಘದ ನೆಟ್‌ವರ್ಕ್. ಹೆಡ್ ಆಫೀಸ್ ಶಿವಮೊಗ್ಗದಲ್ಲಿ, ಬ್ರಾಂಚುಗಳು ಸಾಗರ, ತೀರ್ಥಹಳ್ಳಿ, ಸೊರಬದಲ್ಲಿ. ಒಟ್ಟು ನಾಲ್ಕು ರೌಟರ್. ಹೆಡ್ ಆಫೀಸಿನದ್ದು, ಸಾಗರದ್ದು, ತೀರ್ಥಹಳ್ಳಿಯದ್ದು ಹಳೆಯ ಸಿಸ್ಕೊ. ಸೊರಬದ್ದು ಮೈಕ್ರೊಟಿಕ್. ಎಲ್ಲ ಬ್ರಾಂಚೂ ಮಾಮೂಲಿ ಫೈಬರ್ ಬ್ರಾಡ್‌ಬ್ಯಾಂಡ್ ಮೇಲೆ ಐಪಿಸೆಕ್ ಟನಲ್ (ಇಂಟರ್‌ನೆಟ್ ಮೇಲೆ ಹಾಕಿದ ಗುಪ್ತ ಖಾಸಗಿ ದಾರಿ) ಹಾಕಿಕೊಂಡು ಹೆಡ್ ಆಫೀಸ್ ಸರ್ವರ್‌ಗೆ ಬರುತ್ತವೆ. ಸಾಗರ ಮತ್ತು ತೀರ್ಥಹಳ್ಳಿಯ ಟನಲ್‌ಗೆ ಸರ್ಟಿಫಿಕೇಟ್ (ಅವಧಿ ಇರುವ ಡಿಜಿಟಲ್ ಗುರುತಿನ ಚೀಟಿ) ಬಳಸಿದ್ದೇವೆ. ಸೊರಬಕ್ಕೆ ಪಾಸ್‌ವರ್ಡ್ ಥರದ ಹಂಚಿಕೊಂಡ ಕೀ.

ಮೊದಲು ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಕೇಳಿದೆ. "ರಾತ್ರಿಯಿಡೀ ಲೈನ್ ಅಪ್ ಇದೆ ಸರ್" ಅಂದರು. ನಂಬಲಿಲ್ಲ. ಹೆಡ್ ಆಫೀಸಿನಿಂದ ಸಾಗರದ ಪಬ್ಲಿಕ್ ವಿಳಾಸಕ್ಕೆ ಎಸ್‌ಎಸ್‌ಎಚ್ ಮಾಡಿದೆ. ತಕ್ಷಣ ಲಾಗಿನ್ ಆಯ್ತು. ಅಂದರೆ ಲೈನ್ ನಿಜವಾಗಲೂ ಇತ್ತು, ಟನಲ್ ಮಾತ್ರ ಇರಲಿಲ್ಲ.

ಲಾಗ್ ಏನು ಹೇಳಿತು

9:20ಕ್ಕೆ ರೌಟರ್‌ನ ಟೈಮ್ ತೋರಿಸುವ ಶೋ ಕ್ಲಾಕ್ ಆದೇಶ ಕೊಟ್ಟೆ. ಬಂದ ಉತ್ತರ: 07:12, ಶುಕ್ರವಾರ, 1 ಮಾರ್ಚ್ 2002. ಮುಂದೆ ಒಂದು ನಕ್ಷತ್ರ ಚಿಹ್ನೆ.

ಸಿಸ್ಕೊದಲ್ಲಿ ಆ ನಕ್ಷತ್ರ ಬಂದರೆ "ಈ ಟೈಮನ್ನು ನಾನೇ ನಂಬಲ್ಲ" ಅಂತ ರೌಟರ್ ಹೇಳಿದ ಹಾಗೆ. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಹಳೆಯ ರೌಟರ್‌ಗಳು ಕರೆಂಟು ಹೋಗಿ ಬಂದಾಗ ಒಂದು ನಿಗದಿತ ತಾರೀಕಿನಿಂದ ಎಣಿಕೆ ಶುರು ಮಾಡುತ್ತವೆ. ಕೆಲವು 1993ರ ಮಾರ್ಚ್ 1ರಿಂದ, ಕೆಲವು 2002ರ ಮಾರ್ಚ್ 1ರಿಂದ. ಆದ್ದರಿಂದ 07:12 ಅನ್ನೋದು ಟೈಮ್ ಅಲ್ಲವೇ ಅಲ್ಲ, ರೌಟರ್ ಎದ್ದು 7 ಗಂಟೆ 12 ನಿಮಿಷ ಆಯ್ತು ಅನ್ನೋ ಲೆಕ್ಕ. ಶೋ ವರ್ಷನ್‌ನಲ್ಲಿ ಅಪ್‌ಟೈಮ್ ನೋಡಿದೆ, ಅಷ್ಟೇ ಇತ್ತು. 9:20ರಲ್ಲಿ 7:12 ಕಳೆದರೆ ಬೆಳಗಿನ ಜಾವ 2:08. ಆಗ ಕರೆಂಟು ಹೋಗಿದೆ, ಯುಪಿಎಸ್ ಹಿಡಿದಿಲ್ಲ.

ಲಾಗ್‌ನಲ್ಲಿ ಇನ್ನೊಂದು ಸಾಲು ಇತ್ತು. ಪಿಕೆಐ (ಸರ್ಟಿಫಿಕೇಟ್ ನೋಡಿಕೊಳ್ಳುವ ಭಾಗ) ಅಂತ ಶುರುವಾಗುವ ಸಂದೇಶ. ಅದರ ತಾತ್ಪರ್ಯ ಇಷ್ಟು: ಎನ್‌ಟಿಪಿಯಂಥ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಪದ್ಧತಿ) ನಂಬುವ ಮೂಲದಿಂದ ಟೈಮ್ ಸಿಗೋವರೆಗೂ ಸರ್ಟಿಫಿಕೇಟ್ ಕೆಲಸ ಶುರು ಮಾಡಲ್ಲ.

ಸರಿಯಾಗೇ ಹೇಳ್ತಿದೆ. ನಮ್ಮ ಸರ್ಟಿಫಿಕೇಟ್ ಶುರುವಾಗೋದೇ 2021ರಿಂದ. 2002ರಲ್ಲಿ ಕೂತಿರೋ ರೌಟರ್‌ಗೆ ಅದು ಇನ್ನೂ ಹುಟ್ಟೇ ಇಲ್ಲ. ಲೈನ್ ಸರಿಯಿದೆ, ಕಾನ್ಫಿಗರೇಶನ್ ಸರಿಯಿದೆ, ಸರ್ವರ್ ಸರಿಯಿದೆ. ಗಡಿಯಾರ ಒಂದು ಸರಿಯಿಲ್ಲ, ಅದಕ್ಕೇ ಪಿಗ್ಮಿ ದುಡ್ಡು ಕಟ್ಟೋಕೆ ಆಗ್ತಿಲ್ಲ.

ಈ ರೌಟರ್‌ನಲ್ಲಿ ಟೈಮ್‌ಜೋನ್ ಹಾಕಿರಲಿಲ್ಲ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮ್ ಯುಟಿಸಿಯಲ್ಲೇ ಇತ್ತು. ಆಗ ನಮ್ಮ ಟೈಮ್ 9:28. ಐದೂವರೆ ಗಂಟೆ ಕಳೆದು 03:58 ಅಂತ ಕ್ಲಾಕ್ ಸೆಟ್ ಕೊಟ್ಟೆ. ನಕ್ಷತ್ರ ಹೋಯ್ತು. ಒಂದು ನಿಮಿಷದೊಳಗೆ ಟನಲ್ ಬಂತು. ಮೇಡಂಗೆ ಫೋನ್ ಮಾಡಿದೆ, ಆಮೇಲೆ ಬ್ರಾಡ್‌ಬ್ಯಾಂಡ್ ಕಂಪನಿಯವರಿಗೂ ಮಾಡಿ ಕ್ಷಮೆ ಕೇಳಿದೆ. ಅವರು ಹೇಳಿದ್ದು ಅಕ್ಷರಶಃ ನಿಜ ಆಗಿತ್ತು.

ಮೂರು ವರ್ಷದ ಹಿಂದೆ ಇದನ್ನು ಕೂರಿಸುವಾಗ ನಾನೇ ಕೈಯಿಂದ ಟೈಮ್ ಹಾಕಿದ್ದೆ. ಯುಪಿಎಸ್ ಚೆನ್ನಾಗಿದ್ದಷ್ಟು ದಿನ ನಡೆಯಿತು. ಇನ್ನು ಹಾಗೆ ಬಿಡೋ ಹಾಗಿಲ್ಲ.

ಮುಟ್ಟುವ ಮೊದಲು ಬರೆದುಕೊಂಡಿದ್ದು

ಎನ್‌ಟಿಪಿ ಹಾಕೋ ಮೊದಲು ಒಂದು ಕೆಲಸ ಮಾಡಲೇಬೇಕು. ಈಗ ಯಾವ ರೌಟರ್ ಎಷ್ಟು ತಪ್ಪು ಟೈಮ್ ತೋರಿಸ್ತಿದೆ ಅಂತ ಬರೆದಿಟ್ಟುಕೊಳ್ಳಬೇಕು. ಗಡಿಯಾರ ಸರಿಯಾದ ಮೇಲೆ ಹಳೆಯ ಲಾಗ್‌ನ ಟೈಮನ್ನು ನಿಜವಾದ ಟೈಮಿಗೆ ಬದಲಿಸುವ ದಾರಿಯೇ ಇರಲ್ಲ. ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಒಂದೊಂದರಲ್ಲೂ ಶೋ ಕ್ಲಾಕ್ ಕೊಟ್ಟು ನೋಟ್‌ಬುಕ್‌ನಲ್ಲಿ ಬರೆದೆ.

ಹೆಡ್ ಆಫೀಸ್: 11 ನಿಮಿಷ ಮುಂದೆ. ಅದಲ್ಲದೆ ನಮ್ಮ ಟೈಮನ್ನೇ ಹಾಕಿ ಹೆಸರು ಮಾತ್ರ ಯುಟಿಸಿ ಅಂತ ಇತ್ತು. ತೀರ್ಥಹಳ್ಳಿ: 3 ನಿಮಿಷ ಹಿಂದೆ. ಸೊರಬ: 1970ರ ಜನವರಿ. ಬಹಳಷ್ಟು ಮೈಕ್ರೊಟಿಕ್ ಪೆಟ್ಟಿಗೆಗಳಲ್ಲೂ ಗಡಿಯಾರದ ಬ್ಯಾಟರಿ ಇರಲ್ಲ.

ಈ ಲೆಕ್ಕ ಅವತ್ತೇ ಉಪಯೋಗಕ್ಕೆ ಬಂತು. ಸಾಗರದ ಟನಲ್ 2:21ಕ್ಕೆ ಹೋಯ್ತು ಅಂತ ಹೆಡ್ ಆಫೀಸ್ ಲಾಗ್ ಹೇಳ್ತಿತ್ತು. 11 ನಿಮಿಷ ಕಳೆದರೆ 2:10. ಸಾಗರದಲ್ಲಿ ಕರೆಂಟು ಹೋಗಿದ್ದು 2:08. ಆ ಕಡೆಯವರು ಮಾತಾಡ್ತಿಲ್ಲ ಅಂತ ಈ ಕಡೆ ತೀರ್ಮಾನ ಮಾಡೋಕೆ ಒಂದೆರಡು ನಿಮಿಷ ಬೇಕು, ಸರಿಹೋಯ್ತು. ಲೆಕ್ಕ ಹಾಕದೆ ಹಾಗೇ ಓದಿದ್ದರೆ ಎರಡು ಘಟನೆಗಳ ನಡುವೆ 13 ನಿಮಿಷ ಅಂತರ ಕಾಣ್ತಿತ್ತು. ಇಲ್ಲದ ಕಾರಣ ಹುಡುಕ್ತಾ ಕೂರ್ತಿದ್ದೆ.

ಟೈಮ್ ಎಲ್ಲಿಂದ ತರೋದು

ಮೊದಲು ಬರೆದ ನಕ್ಷೆ ಸರಳವಾಗಿತ್ತು. ಹೆಡ್ ಆಫೀಸ್ ಹೊರಗಿನಿಂದ ಟೈಮ್ ತಗೊಳ್ಳುತ್ತೆ, ಬ್ರಾಂಚುಗಳು ಟನಲ್ ಮೂಲಕ ಹೆಡ್ ಆಫೀಸಿನಿಂದ ತಗೊಳ್ಳುತ್ತವೆ. ತುಂಬಾ ಜನ ಹೀಗೇ ಮಾಡ್ತಾರೆ, ನೋಡೋಕೂ ಅಚ್ಚುಕಟ್ಟು. ಆದರೆ ಬೆಳಿಗ್ಗೆ ಏನಾಯ್ತು? ಟೈಮ್ ಇಲ್ಲದೆ ಟನಲ್ ಬರಲ್ಲ. ಟನಲ್ ಇಲ್ಲದೆ ಟೈಮ್ ಬರಲ್ಲ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಹಗಲು ಎಲ್ಲ ಸರಿಯಾಗಿರುವಾಗ ಈ ದೋಷ ಕಾಣೋದೇ ಇಲ್ಲ. ಕರೆಂಟು ಹೋಗಿ ಬಂದ ದಿನ ಮಾತ್ರ ಕಾಣುತ್ತೆ.

ಅದಕ್ಕೆ ನಕ್ಷೆ ಬದಲಾಯಿಸಿದೆ. ಪ್ರತಿ ಬ್ರಾಂಚಿಗೂ ಮೂರು ಮೂಲ. ಟನಲ್ ಒಳಗಿಂದ ಹೆಡ್ ಆಫೀಸ್ ಒಂದು, ಟನಲ್‌ನ ಹಂಗಿಲ್ಲದೆ ನೇರ ಇಂಟರ್‌ನೆಟ್‌ನಿಂದ ಎರಡು.

ಮೂರು ಯಾಕೆ ಅಂದರೆ, ಎರಡೇ ಇದ್ದು ಅವೆರಡೂ ಬೇರೆ ಬೇರೆ ಟೈಮ್ ಹೇಳಿದರೆ ಯಾರು ಸರಿ ಅಂತ ರೌಟರ್‌ಗೆ ತಿಳಿಯಲ್ಲ. ಮೂರಿದ್ದರೆ ಎರಡು ಒಂದು ಕಡೆ ಸೇರಿ ಒಂದು ಬೇರೆಯಾಗುತ್ತೆ. ಬೇರೆಯಾದದ್ದನ್ನು ಎನ್‌ಟಿಪಿ ಪಕ್ಕಕ್ಕೆ ಇಟ್ಟು ಅದರ ಮುಂದೆ ಎಕ್ಸ್ ಗುರುತು ಹಾಕುತ್ತೆ. ನಾಲ್ಕು ಇದ್ದರೆ ಇನ್ನೂ ಒಳ್ಳೇದು, ಒಂದು ಸತ್ತರೂ ಮೂರು ಉಳಿಯುತ್ತವೆ. ಹೆಡ್ ಆಫೀಸಿಗೆ ನಾಲ್ಕು ಕೊಟ್ಟೆ.

ಹೊರಗಿನ ಮೂಲಗಳಾಗಿ ಎನ್‌ಐಸಿಯ (ಕೇಂದ್ರ ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್) ಟೈಮ್ ಸರ್ವರ್‌ಗಳಾದ ಸಮಯ್1, ಸಮಯ್2 ಮತ್ತು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್ ಆರಿಸಿಕೊಂಡೆ. ಭಾರತೀಯ ಕಾಲಮಾನವನ್ನು ಕಾಯೋದು ಆ ಪ್ರಯೋಗಾಲಯ. ನಾಲ್ಕನೆಯದಕ್ಕೆ ಸ್ವಯಂಸೇವಕರ ಟೈಮ್ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನ ಭಾರತದ ವಿಳಾಸ. ಇದು ಬರೀ ನನ್ನ ಇಷ್ಟ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲೇ ಇದೆ: ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ ಅಥವಾ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗೆ, ಇಲ್ಲವೇ ಅವುಗಳಿಂದ ಟೈಮ್ ಪಡೆದ ಸರ್ವರ್‌ಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ತಪ್ಪು ಟೈಮ್ ಇರೋ ಲಾಗನ್ನು 180 ದಿನ ಇಟ್ಟರೂ ಯಾರಿಗೆ ಏನು ಪ್ರಯೋಜನ, ಅಲ್ವಾ?

ಹೆಡ್ ಆಫೀಸ್: ಸೊನ್ನೆಯಿಂದ 377ರವರೆಗೆ

ಮೊದಲು ಟೈಮ್‌ಜೋನ್. ಕ್ಲಾಕ್ ಟೈಮ್‌ಜೋನ್ ಐಎಸ್‌ಟಿ 5 30. ಎನ್‌ಟಿಪಿ ಪ್ಯಾಕೆಟ್‌ನಲ್ಲಿ ಬರೋದು ಯುಟಿಸಿ ಮಾತ್ರ, ಟೈಮ್‌ಜೋನ್ ಬರೀ ತೋರಿಸೋಕೆ. ಈ ಸಾಲು ಕೊಟ್ಟ ಕೂಡಲೇ ರೌಟರ್‌ನ ಟೈಮ್ ಐದೂವರೆ ಗಂಟೆ ಮುಂದೆ ಹಾರಿತು, ಯಾಕಂದರೆ ಮೊದಲೇ ಯುಟಿಸಿ ಹೆಸರಲ್ಲಿ ನಮ್ಮ ಟೈಮ್ ಕೂತಿತ್ತು. ಕೈಯಿಂದ ಒಂದು ಸಲ ಹತ್ತಿರಕ್ಕೆ ತಂದು, ಉಳಿದದ್ದನ್ನು ಎನ್‌ಟಿಪಿಗೆ ಬಿಟ್ಟೆ. ಆ ಅರ್ಧ ನಿಮಿಷದಲ್ಲಿ ಬಂದ ಲಾಗ್ ಸಾಲುಗಳು ಅಸ್ತವ್ಯಸ್ತ ಇರುತ್ತವೆ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಆಮೇಲೆ ನಾಲ್ಕು ಎನ್‌ಟಿಪಿ ಸರ್ವರ್ ಸಾಲು. ಇಲ್ಲಿ ಒಂದು ಗಮನಿಸಬೇಕಾದ ವಿಷಯ ಇದೆ. ನಮ್ಮ ಹಳೆಯ ಸಿಸ್ಕೊ ಸಾಫ್ಟ್‌ವೇರ್ ಐಒಎಸ್‌ನಲ್ಲಿ ಸರ್ವರ್ ಹೆಸರು ಕೊಟ್ಟರೆ ಅದು ಆ ಕ್ಷಣ ಐಪಿ ಹುಡುಕಿ, ಕಾನ್ಫಿಗರೇಶನ್‌ನಲ್ಲಿ ಐಪಿಯನ್ನೇ ಬರೆದುಕೊಳ್ಳುತ್ತೆ. ಹೆಸರು ಉಳಿಯಲ್ಲ. ಬೂಟ್ ಆಗುವಾಗ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ಗಾಗಿ ಕಾಯೋದು ಬೇಡ ಅನ್ನೋದು ಒಂದು ಲಾಭ. ಆದರೆ ಪೂಲ್‌ನಲ್ಲಿ ಸೇವೆ ಕೊಡೋರು ಬರ್ತಾ ಹೋಗ್ತಾ ಇರ್ತಾರೆ. ಅವರ ಒಂದು ಐಪಿಯನ್ನು ವರ್ಷಗಟ್ಟಲೆ ಹಿಡಿದುಕೊಂಡು ಕೂರೋದು ಸರಿಯಲ್ಲ. ಮೂರು ತಿಂಗಳಿಗೊಮ್ಮೆ ಇವನ್ನು ಪರಿಶೀಲಿಸೋಕೆ ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿಕೊಂಡೆ.

ಹತ್ತು ನಿಮಿಷ ಬಿಟ್ಟು ಶೋ ಎನ್‌ಟಿಪಿ ಅಸೋಸಿಯೇಷನ್ಸ್ ಕೊಟ್ಟೆ. ನಾಲ್ಕೂ ಸಾಲಿನಲ್ಲಿ ರೀಚ್ 0. ಸ್ಟ್ರೇಟಮ್ (ಮೂಲ ಗಡಿಯಾರದಿಂದ ಎಷ್ಟು ಮೆಟ್ಟಿಲು ದೂರ ಅನ್ನೋ ಅಂಕಿ) 16. ಅಂದರೆ ಯಾರಿಂದಲೂ ಒಂದೇ ಒಂದು ಉತ್ತರ ಬಂದಿಲ್ಲ.

ಕಾರಣ ನಮ್ಮದೇ ಫೈರ್‌ವಾಲ್. ಹೊರಗಿನಿಂದ ಒಳಬರುವ ಆಕ್ಸೆಸ್ ಲಿಸ್ಟ್‌ನಲ್ಲಿ ಐಪಿಸೆಕ್‌ಗೂ ಉತ್ತರವಾಗಿ ಬರುವ ಟಿಸಿಪಿಗೂ ಜಾಗ ಇತ್ತು. ಎನ್‌ಟಿಪಿ ಓಡೋದು ಯುಡಿಪಿ 123ನೇ ಪೋರ್ಟ್‌ನಲ್ಲಿ, ಅದಕ್ಕೆ ಜಾಗ ಇರಲಿಲ್ಲ. ಪ್ರಶ್ನೆ ಹೊರಗೆ ಹೋಗ್ತಿತ್ತು, ಉತ್ತರ ಬಾಗಿಲಲ್ಲೇ ಬೀಳ್ತಿತ್ತು. ಆ ನಾಲ್ಕು ವಿಳಾಸಗಳಿಂದ, ಮೂಲ ಪೋರ್ಟ್ 123 ಇದ್ದರೆ ಮಾತ್ರ ಒಳಗೆ ಬಿಡು ಅಂತ ಒಂದೊಂದು ಸಾಲು ಸೇರಿಸಿದೆ.

ಆಮೇಲಿನದ್ದು ನನಗೆ ತುಂಬಾ ಇಷ್ಟದ ಭಾಗ. ಚಹಾ ಹಿಡಿದುಕೊಂಡು ಪರದೆ ನೋಡ್ತಾ ಕೂತೆ. ರೀಚ್ 1 ಆಯ್ತು. ಒಂದು ನಿಮಿಷ ಬಿಟ್ಟು 3. ಆಮೇಲೆ 7. ಆಮೇಲೆ 17, 37, 77, 177, ಕೊನೆಗೆ 377. ಇದೇನು ವಿಚಿತ್ರ ಎಣಿಕೆ ಅಂತ ಮೊದಮೊದಲು ನನಗೂ ಅನಿಸಿತ್ತು. ಇದು ಎಂಟರ ಎಣಿಕೆ. ಒಳಗೆ ಎಂಟು ಖಾನೆ ಇವೆ ಅಂದುಕೊಳ್ಳಿ. ಪ್ರತಿ ಸಲ ಪ್ರಶ್ನೆ ಕೇಳಿದಾಗ ಖಾನೆಗಳು ಒಂದು ಜಾಗ ಎಡಕ್ಕೆ ಸರಿಯುತ್ತವೆ. ಉತ್ತರ ಬಂದರೆ ಬಲತುದಿಗೆ 1, ಬರದಿದ್ದರೆ 0. ಎಂಟೂ 1 ಆದರೆ ಎಂಟರ ಎಣಿಕೆಯಲ್ಲಿ 377. ಅಂದರೆ ಕೊನೆಯ ಎಂಟು ಪ್ರಶ್ನೆಗೂ ಉತ್ತರ ಬಂದಿದೆ. ಶುರುವಿನಲ್ಲಿ 64 ಸೆಕೆಂಡಿಗೆ ಒಂದು ಪ್ರಶ್ನೆ, ಹಾಗಾಗಿ 377 ತಲುಪೋಕೆ ಎಂಟು ಎಂಟೂವರೆ ನಿಮಿಷ. ಆಮೇಲೆ ಗಡಿಯಾರ ಸ್ಥಿರ ಆದಂತೆ ಈ ಅಂತರ 1024 ಸೆಕೆಂಡಿನವರೆಗೂ ಹಿಗ್ಗುತ್ತೆ. ನಡುವೆ 376 ಕಂಡರೆ ಇದೀಗ ಒಂದು ಉತ್ತರ ತಪ್ಪಿದೆ ಅಂತ. 357 ಕಂಡರೆ ನಾಲ್ಕು ಪ್ರಶ್ನೆ ಹಿಂದೆ ಒಂದು ತಪ್ಪಿತ್ತು, ಆಮೇಲೆ ಸರಿಯಾಗಿದೆ ಅಂತ. ಲೈನ್‌ನ ಆರೋಗ್ಯವನ್ನೂ ಈ ಒಂದು ಸಂಖ್ಯೆಯಲ್ಲಿ ಓದಬಹುದು.

ಸಮಯ್1ರ ಮುಂದೆ ನಕ್ಷತ್ರ ಬಂತು. ಇಲ್ಲಿ ನಕ್ಷತ್ರದ ಅರ್ಥ ಉಲ್ಟಾ, ಸದ್ಯ ಇದನ್ನೇ ಅನುಸರಿಸ್ತಿದ್ದೇನೆ ಅಂತ. ಉಳಿದವಕ್ಕೆ ಪ್ಲಸ್ ಗುರುತು, ಅವೂ ಲೆಕ್ಕಕ್ಕಿವೆ ಅಂತ. ಹೊಸಬರಿಗೆ ಈ ಎರಡು ನಕ್ಷತ್ರ ಗೊಂದಲ ಮಾಡುತ್ತವೆ. ಗಡಿಯಾರದ ಮುಂದಿನ ನಕ್ಷತ್ರ ಕೆಟ್ಟದ್ದು, ಸರ್ವರ್ ಪಟ್ಟಿಯ ನಕ್ಷತ್ರ ಒಳ್ಳೇದು.

ಡಿಲೇ 40 ಮಿಲಿಸೆಕೆಂಡಿನ ಆಸುಪಾಸು, ಆಫ್‌ಸೆಟ್ 2ಕ್ಕಿಂತ ಕಡಿಮೆ. ಪ್ಯಾಕೆಟ್ ಹೋಗಿಬರೋಕೆ 40 ಮಿಲಿಸೆಕೆಂಡ್ ಆದರೂ ಟೈಮ್ 2 ಮಿಲಿಸೆಕೆಂಡಿನೊಳಗೆ ಹೇಗೆ ಕೂಡುತ್ತೆ? ನಾಲ್ಕು ಟೈಮ್ ಬರೆದುಕೊಳ್ಳೋದರಿಂದ. ನಾನು ಕಳಿಸಿದಾಗ, ಅವರಿಗೆ ಸಿಕ್ಕಿದಾಗ, ಅವರು ಉತ್ತರ ಕಳಿಸಿದಾಗ, ನನಗೆ ಸಿಕ್ಕಿದಾಗ. ಹೋಗೋಕೂ ಬರೋಕೂ ಒಂದೇ ಹೊತ್ತು ಹಿಡಿಯುತ್ತೆ ಅಂತ ಇಟ್ಟುಕೊಂಡರೆ ದಾರಿಯ ಹೊತ್ತು ಕಳೆದುಹೋಗಿ ಗಡಿಯಾರದ ವ್ಯತ್ಯಾಸ ಮಾತ್ರ ಉಳಿಯುತ್ತೆ. ಹೋಗುವ ದಾರಿ ಬರುವ ದಾರಿಗಿಂತ ನಿಧಾನ ಇದ್ದರೆ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಸೇರುತ್ತೆ. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಇದನ್ನೆಲ್ಲ ರೂಪಿಸಿದವರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್. 1985ರಲ್ಲಿ ಎನ್‌ಟಿಪಿಯ ಮೊದಲ ಆರ್‌ಎಫ್‌ಸಿ (ಇಂಟರ್‌ನೆಟ್ ಪದ್ಧತಿಗಳನ್ನು ವಿವರಿಸುವ ದಾಖಲೆ) ಬರೆದರು, 2024ರ ಜನವರಿಯಲ್ಲಿ ತೀರಿಕೊಂಡರು. ಹುಟ್ಟಿನಿಂದಲೇ ಗ್ಲಾಕೋಮಾ ಇದ್ದ ಅವರಿಗೆ ಕೊನೆಗಾಲದಲ್ಲಿ ದೃಷ್ಟಿ ಪೂರ್ತಿ ಹೋಗಿತ್ತು. ಆ 377 ನೋಡಿದಾಗಲೆಲ್ಲ ಅವರ ನೆನಪಾಗುತ್ತೆ ನನಗೆ.

ಬ್ರಾಂಚುಗಳು

ತೀರ್ಥಹಳ್ಳಿಯಿಂದ ಶುರು ಮಾಡಿದೆ. ಅಲ್ಲೂ ಸಾಗರದ್ದೇ ಮಾದರಿಯ ರೌಟರ್. ಯುಪಿಎಸ್ ಗಟ್ಟಿಯಾಗಿದ್ದರಿಂದ ಬಚಾವಾಗಿತ್ತು ಅಷ್ಟೇ.

ಹೆಡ್ ಆಫೀಸಿನ ಲೂಪ್‌ಬ್ಯಾಕ್ ವಿಳಾಸ (ರೌಟರ್ ಒಳಗಿನ, ಯಾವ ಕೇಬಲ್‌ಗೂ ಸೇರದ್ದು) 10.255.0.1. ಲೂಪ್‌ಬ್ಯಾಕ್ ಯಾಕೆ ಅಂದರೆ, ಯಾವ ಕೇಬಲ್ ಕಿತ್ತರೂ ಆ ವಿಳಾಸ ಬಿದ್ದುಹೋಗಲ್ಲ. ಬ್ರಾಂಚ್ ಕಡೆಯಿಂದಲೂ ಲೂಪ್‌ಬ್ಯಾಕ್ ವಿಳಾಸದಿಂದಲೇ ಕೇಳಲಿ ಅಂತ ಎನ್‌ಟಿಪಿ ಸೋರ್ಸ್ ಲೂಪ್‌ಬ್ಯಾಕ್ 0 ಅಂತ ಒಟ್ಟಾರೆಯಾಗಿ ಕೊಟ್ಟೆ. ಹೆಡ್ ಆಫೀಸ್ 377 ಆಯ್ತು. ಹೊರಗಿನ ಎರಡೂ 0ಯಲ್ಲೇ ನಿಂತವು. ಫೈರ್‌ವಾಲ್ ಸಾಲು ಇದ್ದೇ ಇತ್ತು.

ಅರ್ಧ ಗಂಟೆ ಹೋಯ್ತು ಇದರಲ್ಲಿ. ತಪ್ಪು ಇದ್ದದ್ದು ಆ ಸೋರ್ಸ್ ಸಾಲಿನಲ್ಲಿ. ಅದು ಎಲ್ಲ ಎನ್‌ಟಿಪಿ ಪ್ಯಾಕೆಟ್‌ಗೂ ಅನ್ವಯಿಸುತ್ತೆ. ಹಾಗಾಗಿ ದೆಹಲಿಗೆ ಹೋಗೋ ಪ್ರಶ್ನೆಯೂ 10.255 ಅನ್ನೋ ಖಾಸಗಿ ವಿಳಾಸ ಹೊತ್ತು ಹೋಗ್ತಿತ್ತು. ಕಳಿಸಿದವರ ವಿಳಾಸಕ್ಕೆ ಇಂಟರ್‌ನೆಟ್‌ನಲ್ಲಿ ದಾರಿಯೇ ಇಲ್ಲ ಅಂದಮೇಲೆ ಉತ್ತರ ಎಲ್ಲಿಗೆ ಬರಬೇಕು? ಆ ಸಾಲು ತೆಗೆದು, ಹೆಡ್ ಆಫೀಸಿನ ಸರ್ವರ್ ಸಾಲಿಗೆ ಮಾತ್ರ ಸೋರ್ಸ್ ಲೂಪ್‌ಬ್ಯಾಕ್ 0 ಸೇರಿಸಿದೆ, ಜೊತೆಗೆ ಮೊದಲ ಆದ್ಯತೆ ಇದಕ್ಕೆ ಅನ್ನುವ ಪ್ರಿಫರ್. ಹೊರಗಿನ ಎರಡಕ್ಕೆ ಐಬರ್ಸ್ಟ್. ಬೂಟ್ ಆದ ತಕ್ಷಣ 64 ಸೆಕೆಂಡ್ ಕಾಯದೆ ಒಂದರ ಹಿಂದೊಂದು ಕೆಲವು ಪ್ಯಾಕೆಟ್ ಕಳಿಸಿ ಬೇಗ ಟೈಮ್ ಹಿಡಿಯಲಿ ಅಂತ.

ಹೆಡ್ ಆಫೀಸ್ ಮತ್ತು ಬ್ರಾಂಚ್ ನಡುವೆ ಟೈಮ್ ಕೊಡ್ತಿರೋದು ನಮ್ಮದೇ ರೌಟರ್ ಅಂತ ಖಾತ್ರಿಯಾಗೋಕೆ ಎಂಡಿ5 ಕೀ ಕೂಡ ಹಾಕಿದೆ. ಸಿಸ್ಕೊದಲ್ಲಿ ಇದು ಒಂದೇ ಸಾಲಿನ ಕೆಲಸ ಅಲ್ಲ. ಕೀ ಬರೆಯಬೇಕು, ಅದನ್ನು ನಂಬು ಅನ್ನಬೇಕು, ಸರ್ವರ್ ಸಾಲಿಗೆ ಕೀ ನಂಬರ್ ಸೇರಿಸಬೇಕು, ಕೊನೆಗೆ ಎನ್‌ಟಿಪಿ ಅಥೆಂಟಿಕೇಟ್ ಅನ್ನಬೇಕು. ಒಂದು ಬಿಟ್ಟರೂ ಭದ್ರತೆ ಇದೆ ಅಂದುಕೊಂಡು ಇಲ್ಲದೆ ಇರ್ತೀರಿ. ನಾನು ಕೀಯನ್ನು ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿತ್ತು, ಹೊಂದಿಕೆಯೇ ಆಗಲಿಲ್ಲ. ಎರಡೂ ಕಡೆ ಕೈಯಿಂದ ಟೈಪ್ ಮಾಡಿದ ಮೇಲೆ ಸರಿಹೋಯ್ತು.

ಸೊರಬದ ಮೈಕ್ರೊಟಿಕ್ ಕೆಲಸ ಐದೇ ನಿಮಿಷ. ರೌಟರ್‌ಒಎಸ್ 7ರಲ್ಲಿ ಎನ್‌ಟಿಪಿ ಕ್ಲೈಂಟ್ ಒಳಗೇ ಬರುತ್ತೆ. ಟೈಮ್‌ಜೋನ್ ಏಷ್ಯಾ/ಕೋಲ್ಕತಾ, ಮೂರು ಸರ್ವರ್ ವಿಳಾಸ, ಎನೇಬಲ್. ಸಿಂಕ್ರೊನೈಸ್ಡ್ ಅಂತ ಬಂತು.

ಸಾಗರಕ್ಕೂ ತೀರ್ಥಹಳ್ಳಿಯದ್ದನ್ನೇ ಹಾಕಿದೆ. ಮೂರೂ ಸಿಸ್ಕೊಗೆ ಲಾಗ್ ಸಾಲುಗಳಲ್ಲಿ ಮಿಲಿಸೆಕೆಂಡ್, ನಮ್ಮ ಟೈಮ್ ಮತ್ತು ಟೈಮ್‌ಜೋನ್ ಹೆಸರು ಮೂರೂ ಬರುವಂತೆ ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಸಾಲು ಬದಲಿಸಿದೆ. ಐಎಸ್‌ಟಿ ಅಂತ ಕಣ್ಣಿಗೆ ಕಂಡರೆ ಇದು ಯುಟಿಸಿಯೋ ನಮ್ಮದೋ ಅನ್ನೋ ಅನುಮಾನವೇ ಬರಲ್ಲ. ಸಾಲಿನ ಮೊದಲು ಏನೂ ಇಲ್ಲದಿದ್ದರೆ ಟೈಮ್ ಸರಿಯಿದೆ. ಚುಕ್ಕಿ ಇದ್ದರೆ ಟೈಮ್ ಪರವಾಗಿಲ್ಲ, ಆದರೆ ಸದ್ಯ ಎನ್‌ಟಿಪಿ ಸಿಗ್ತಿಲ್ಲ. ನಕ್ಷತ್ರ ಇದ್ದರೆ ನಂಬಬೇಡಿ.

ಬೇಡ ಅಂತ ಬಿಟ್ಟಿದ್ದು, ಬೇಕು ಅಂತ ಸೇರಿಸಿದ್ದು

ಎನ್‌ಟಿಪಿ ಮಾಸ್ಟರ್ ಅನ್ನೋ ಸಾಲು ಬಹಳ ಕಡೆ ಕಣ್ಣುಮುಚ್ಚಿ ಹಾಕಿರೋದನ್ನ ನೋಡಿದ್ದೇನೆ. ಹೊರಗಿನ ಟೈಮ್ ಸಿಗದಿದ್ದರೂ ತನ್ನ ಗಡಿಯಾರವನ್ನೇ ನಂಬಿ ಬೇರೆಯವರಿಗೆ ಹಂಚು ಅಂತ ಅದರ ಅರ್ಥ. ನಮ್ಮಲ್ಲಿ ಇದರಿಂದ ಬ್ರಾಂಚುಗಳಿಗೆ ಏನೂ ಉಪಯೋಗ ಇಲ್ಲ. ಹೆಡ್ ಆಫೀಸಿನ ಇಂಟರ್‌ನೆಟ್ ಹೋದರೆ ಟನಲ್ ಕೂಡ ಹೋಗುತ್ತೆ, ಆಗ ಹಂಚೋದು ಯಾರಿಗೆ? ಹೆಡ್ ಆಫೀಸ್ ಒಳಗಿನ ಸ್ವಿಚ್‌ಗಳು ಒಂದೇ ಟೈಮಲ್ಲಿ ಇರಲಿ ಅಂತ ಮಾತ್ರ ಸ್ಟ್ರೇಟಮ್ 10 ಕೊಟ್ಟು ಹಾಕಿದೆ. ಪರಮಾಣು ಗಡಿಯಾರಕ್ಕೋ ಜಿಪಿಎಸ್‌ಗೋ ನೇರ ಸೇರಿದ ಸರ್ವರ್ ಸ್ಟ್ರೇಟಮ್ 1. ಅದರಿಂದ ತಗೊಂಡದ್ದು 2, ಹೀಗೆ ಇಳಿಯುತ್ತೆ. ಮಾಸ್ಟರ್‌ಗೆ ಸಣ್ಣ ಸಂಖ್ಯೆ ಕೊಟ್ಟರೆ ತಪ್ಪು ಗಡಿಯಾರವೂ ದೊಡ್ಡಮನುಷ್ಯನ ಹಾಗೆ ಮುಂದೆ ಬಂದು ಕೂರುತ್ತೆ. 10 ಇದ್ದರೆ ಬೇರೆ ಯಾರೂ ಇಲ್ಲದಾಗ ಮಾತ್ರ ಬಾಯಿ ಬಿಡುತ್ತೆ.

ನಮ್ಮ ರೌಟರ್ ಊರಿಗೆಲ್ಲ ಟೈಮ್ ಹೇಳಬಾರದು ಅಂತ ಯಾರಿಗೆ ಏನು ಅನುಮತಿ ಅಂತ ಹೇಳುವ ಆಕ್ಸೆಸ್ ಗ್ರೂಪ್ ಕೂಡ ಹಾಕಿದೆ. ತೆರೆದಿಟ್ಟ ಎನ್‌ಟಿಪಿ ಸರ್ವರ್‌ಗಳನ್ನು ಬಳಸಿ ಮೂರನೆಯವರ ಮೇಲೆ ಪ್ಯಾಕೆಟ್‌ಗಳ ಪ್ರವಾಹ ಹರಿಸಿದ ದಾಳಿಗಳು 2013-14ರಲ್ಲಿ ಜೋರಾಗಿ ನಡೆದಿದ್ದವು. ಇಲ್ಲಿ ಎಚ್ಚರ: ಒಳಗಿನವರಿಗೆ ಸರ್ವ್-ಓನ್ಲಿ (ಟೈಮ್ ಕೇಳಬಹುದು ಅಷ್ಟೇ) ಅಂತ ಮಾತ್ರ ಕೊಟ್ಟು, ನಾವು ಟೈಮ್ ತಗೊಳ್ಳೋ ಹೊರಗಿನ ಸರ್ವರ್‌ಗಳಿಗೆ ಪೀರ್ (ಅವರಿಂದ ಟೈಮ್ ತಗೊಳ್ಳಬಹುದು) ಅಂತ ಅನುಮತಿ ಕೊಡೋದು ಮರೆತರೆ ನಮ್ಮ ರೌಟರ್‌ಗೇ ಟೈಮ್ ನಿಂತುಹೋಗುತ್ತೆ. ಮಾಸ್ಟರ್ ಹಾಕಿದ್ದರೆ 127.127.1.1 ಅನ್ನೋ ಅದರದ್ದೇ ವಿಳಾಸವನ್ನೂ ಆ ಪಟ್ಟಿಗೆ ಸೇರಿಸಿ.

ಭಾನುವಾರ, ಸಾಗರ

ಪರದೆಯಲ್ಲಿ 377 ಕಂಡ ಮಾತ್ರಕ್ಕೆ ನನಗೆ ಸಮಾಧಾನ ಆಗಲ್ಲ. ಕೆಟ್ಟದ್ದು ಕರೆಂಟು ಹೋದಾಗ, ಪರೀಕ್ಷೆಯೂ ಹಾಗೇ ಆಗಬೇಕು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಸಾಗರಕ್ಕೆ ಹೋದೆ. ಜಿಟಿಜಿಟಿ ಮಳೆ. ಮ್ಯಾನೇಜರ್ ಮೇಡಂ ಬೀಗ ತೆಗೆದುಕೊಟ್ಟು ಅಲ್ಲೇ ಕೂತರು. ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಕನ್ಸೋಲ್ ಕೇಬಲ್ ಹಾಕಿದೆ. ನೆಟ್‌ವರ್ಕ್ ಇಲ್ಲದಾಗಲೂ ಮಾತಾಡುವ ದಾರಿ ಅದೊಂದೇ.

11:10ಕ್ಕೆ ರೌಟರ್, ಫೈಬರ್ ಪೆಟ್ಟಿಗೆ ಎರಡರದ್ದೂ ಪವರ್ ಕಿತ್ತು ಮತ್ತೆ ಹಾಕಿದೆ. 11:13ಕ್ಕೆ ಕನ್ಸೋಲ್‌ನಲ್ಲಿ ಮೊದಲ ಸಾಲುಗಳು, ನಕ್ಷತ್ರ ಹೊತ್ತ ಮಾರ್ಚ್ 1. ಆಮೇಲೆ ಅದೇ ಪಿಕೆಐ ಸಂದೇಶ. ಮೇಡಂ ಬಗ್ಗಿ ನೋಡಿ, "ಇದು 2002ರಲ್ಲೇ ಇದೆಯಲ್ಲ ಸರ್" ಅಂದರು. "ತಡೀರಿ ಮೇಡಂ" ಅಂದೆ.

11:15ಕ್ಕೆ ಫೈಬರ್ ಲೈನ್ ಬಂತು. 11:17ಕ್ಕೆ ಮುಂದಿನ ಲಾಗ್ ಸಾಲು ನಕ್ಷತ್ರ ಇಲ್ಲದೆ, ಇವತ್ತಿನ ತಾರೀಕು ಹೊತ್ತು ಬಂತು. 11:18ಕ್ಕೆ ಟನಲ್ ಅಪ್. ಯಾರೂ ಏನೂ ಮುಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಹೆಡ್ ಆಫೀಸಿನ ಸಾಲೂ ಜೀವ ತುಂಬಿಕೊಂಡು, ನಕ್ಷತ್ರ ಅಲ್ಲಿಗೆ ಸರಿಯಿತು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಹೊರಗಿನ ಎರಡು ಸರ್ವರ್ ಸಾಲು ತೆಗೆದು, ಹೆಡ್ ಆಫೀಸ್ ಒಂದನ್ನೇ ಬಿಟ್ಟು, ಸೇವ್ ಮಾಡಿ ಮತ್ತೆ ಪವರ್ ಕಿತ್ತೆ. ನನ್ನ ಮೊದಲ ನಕ್ಷೆಯನ್ನೇ ಹಾಕಿದ್ದರೆ ಏನಾಗ್ತಿತ್ತು ಅಂತ ಕಣ್ಣಾರೆ ನೋಡಬೇಕಿತ್ತು. ಇಪ್ಪತ್ತು ನಿಮಿಷ ಕಾದೆ. ಲೈನ್ ಇದೆ, ಗಡಿಯಾರ 2002ರಲ್ಲೇ ಇದೆ, ರೀಚ್ 0, ಟನಲ್ ಇಲ್ಲ. ಇನ್ನೂ ಎರಡು ದಿನ ಕಾದಿದ್ದರೂ ಹಾಗೇ ಇರ್ತಿತ್ತು. ಸಾಲುಗಳನ್ನು ವಾಪಸ್ ಹಾಕಿ, ಮೂರನೇ ಸಲ ಪವರ್ ಕಿತ್ತು, ಟನಲ್ ತಾನಾಗೇ ಬಂದದ್ದು ನೋಡಿಯೇ ಬೀಗ ಹಾಕಿಸಿದೆ.

ಆಮೇಲೆ

ಒಂದು ವಾರ ಕಳೆದ ಮೇಲೆ ಹೆಡ್ ಆಫೀಸಿನಲ್ಲಿ ಶೋ ಎನ್‌ಟಿಪಿ ಸ್ಟೇಟಸ್ ನೋಡಿದೆ. ಡ್ರಿಫ್ಟ್ ಅಂತ ಒಂದು ಅಂಕಿ ಬರುತ್ತೆ, ಈ ರೌಟರ್‌ನ ಗಡಿಯಾರ ಪ್ರತಿ ಸೆಕೆಂಡಿಗೆ ಎಷ್ಟು ತಪ್ಪುತ್ತೆ ಅಂತ. 0.0000209 ಇತ್ತು. ದಿನಕ್ಕೆ 86,400 ಸೆಕೆಂಡ್, ಅಂದರೆ ದಿನಕ್ಕೆ 1.8 ಸೆಕೆಂಡ್. ವರ್ಷಕ್ಕೆ ಸುಮಾರು 659 ಸೆಕೆಂಡ್, ಹತ್ತಿರ ಹತ್ತಿರ 11 ನಿಮಿಷ. ಆ ರೌಟರ್‌ನ ಅಪ್‌ಟೈಮ್ ಒಂದು ವರ್ಷ. ಹಿಂದಿನ ವರ್ಷ ಕೈಯಿಂದ ಸರಿಯಾಗೇ ಟೈಮ್ ಹಾಕಿದ್ದೆವು, ಆಮೇಲೆ ಒಂದು ಚೂರು ಕ್ವಾರ್ಟ್ಸ್ ದಿನಾ ಎರಡು ಸೆಕೆಂಡಿಗೂ ಕಡಿಮೆ ತಪ್ಪುತ್ತಾ ಬಂದು 11 ನಿಮಿಷ ಮಾಡಿತ್ತು. ನೋಟ್‌ಬುಕ್‌ನಲ್ಲಿ ಬರೆದಿದ್ದ ಅಂಕಿ ಇಲ್ಲಿ ತಾಳೆಯಾದಾಗ ಆದ ಖುಷಿ ಹೇಳತೀರದು.

ಜುಲೈ 14ರ ರಾತ್ರಿ ತೀರ್ಥಹಳ್ಳಿ ಲೈನ್ ಹೋಯ್ತು. ಬೆಳಿಗ್ಗೆ ಲಾಗ್ ತೆಗೆದೆ. ತೀರ್ಥಹಳ್ಳಿ: 03:41:07.212 ಐಎಸ್‌ಟಿ, ಲೈನ್ ಡೌನ್. ಹೆಡ್ ಆಫೀಸ್: 03:42:38.540 ಐಎಸ್‌ಟಿ, ಆ ಕಡೆಯಿಂದ ಉತ್ತರ ಇಲ್ಲ. ತೀರ್ಥಹಳ್ಳಿ: 03:46:20.905, ಚುಕ್ಕಿ ಗುರುತಿನ ಜೊತೆ, ಲೈನ್ ಅಪ್. ಮೂರು ಸಾಲನ್ನೂ ಹಾಗೇ ಬ್ರಾಡ್‌ಬ್ಯಾಂಡ್ ಕಂಪನಿಗೆ ಕಳಿಸಿದೆ. ಹತ್ತೇ ನಿಮಿಷಕ್ಕೆ ಅವರ ಎಂಜಿನಿಯರ್ ಫೋನ್ ಮಾಡಿದರು. "ಸರ್, ನಮ್ಮಲ್ಲೂ 3:41ರಿಂದ 3:46ರವರೆಗೆ ಇದೆ. ಅಲ್ಲಿ ಒಂದು ಕಾರ್ಡ್ ರೀಸ್ಟಾರ್ಟ್ ಆಗಿದೆ, ಬದಲಾಯಿಸ್ತೀವಿ."

ಸಾಗರದ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ಹೆಡ್ ಆಫೀಸಿನ ಸಿಸಿಟಿವಿ ಡಿವಿಆರ್ ಇನ್ನೂ 4 ನಿಮಿಷ ಹಿಂದೆ ಇದೆ, ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಮುಂದಿನ ಭಾನುವಾರ ಅದಕ್ಕೆ 10.255.0.1 ಕೊಡಬೇಕು.